ಮೂರನೆಯ ಸಾಲಿನ ನಿಲುಗಡೆ

"ನಿಲ್ಲಬೇಡಿ!" ಎಂದು ಮೇಷ್ಟ್ರು ಅಬ್ಬರಿಸಿ ಊರುಗೋಲನ್ನು ಮುಂದಿನ ಬೆಂಚಿಗೆ ಬಡಿದರು. ಆದರೆ ಅಷ್ಟರಲ್ಲಿ ಎಲ್ಲರೂ ಹಾಡುವುದನ್ನು ನಿಲ್ಲಿಸಿಯಾಗಿತ್ತು. ಹಾಗಾಗಿ ಆ ಅಬ್ಬರ ಖಾಲಿ ಚರ್ಚಿನ ಮೂಲೆಮೂಲೆಗೂ ಹೋಗಿ, ಚಾವಣಿಗೆ ತಾಗಿ, ತಿರುಗಿ ಹಾಡುವವರ ತಲೆಯ ಮೇಲೆಯೇ ಬಿತ್ತು.

ಹಾಡುವವರು ಬೇಕೆಂದು ಮಾಡಿದ್ದೇನಲ್ಲ. ಮೂರನೆಯ ಸಾಲಿನ ನಡುವಿಗೆ ಬಂದು, 'ಬಿದ್ದೆನೆಂದು ಬಯ್ಯಬೇಡ' ಎಂದವರೇ ಬಾಯಿ ಅರ್ಧ ತೆರೆದುಕೊಂಡು ಸುಮ್ಮನಾಗಿದ್ದರು. ಎರಡು ಉಸಿರಿನಷ್ಟು ಹೊತ್ತು ಹಾಗೇ ಇದ್ದು, ಯಾರೂ ಸನ್ನೆ ಮಾಡದಿದ್ದರೂ ಒಟ್ಟಿಗೇ 'ಎತ್ತಿಕೋ ನನ್ನ ತಂದೆಯೇ' ಎಂದು ಮುಂದಕ್ಕೆ ಹೊರಟರು. ಆ ಚರ್ಚಿನ ಸಭೆಯಲ್ಲಿ ಹುಟ್ಟಿ ಬೆಳೆದ ಯಾರಿಗೂ ಅಲ್ಲಿ ನಿಲ್ಲಬೇಕೆಂದು ಹೇಳಿಕೊಡಬೇಕಾಗಿರಲಿಲ್ಲ. ಪರ ಊರಿನಿಂದ ಮದುವೆಗೆ ಬಂದವರು ಮಾತ್ರ ಗೊತ್ತಿಲ್ಲದೆ 'ಎತ್ತಿಕೋ' ಎಂದು ಒಂಟಿಯಾಗಿ ಕೂಗಿಬಿಟ್ಟು, ಎಲ್ಲರೂ ತಿರುಗಿ ನೋಡಿದಾಗ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದರು.

"ಬರೆದೋನು ನಾನು!" ಮೇಷ್ಟ್ರು ಎದೆ ತಟ್ಟಿಕೊಂಡರು. "ರಾಗ ಕಟ್ಟಿದೋನು ನಾನು. ಸತ್ತಿಲ್ಲ ಇನ್ನೂ, ನಿಮ್ಮ ಮುಂದೇನೇ ಕೂತಿದ್ದೀನಿ. ಅಲ್ಲಿ ನಿಲ್ಲೋದು ಇಲ್ಲ ಅಂತ ಎಷ್ಟು ಸಲ ಬಡ್ಕೊಳ್ಳಲಿ? ಕಿವೀಲಿ ಹತ್ತಿ ಇಟ್ಕೊಂಡು ಬಂದಿದ್ದೀರಾ?"

ಹಿಂದಿನ ಸಾಲಿನಲ್ಲಿ ದಪ್ಪ ದನಿಗೆಂದು ನಿಲ್ಲಿಸಿದ್ದ ಪೋಸ್ಟ್‌ಮ್ಯಾನ್ ತಲೆ ಕೆರೆದುಕೊಂಡ. "ಮುಂದೆ ಹೋಗೋಣ ಅಂತಾನೇ ಇದ್ದೆ ಮೇಷ್ಟ್ರೇ. ಬಾಯಿ ತಾನಾಗೇ ನಿಂತುಹೋಯ್ತು."

"ನಿನ್ನ ಬಾಯಿ ನಿನ್ನ ಮಾತು ಕೇಳಲ್ಲ, ನೀನು ನನ್ನ ಮಾತು ಕೇಳಲ್ಲ. ಚೆನ್ನಾಗಿದೆ." ಮೇಷ್ಟ್ರು ಊರುಗೋಲನ್ನು ಹಾರ್ಮೋನಿಯಂ ಕಡೆಗೆ ತಿರುಗಿಸಿದರು. "ಇವರನ್ನ ಅಂದು ಪ್ರಯೋಜನ ಇಲ್ಲ. ಅಲ್ಲಿ ಕೂತಿದ್ದಾಳಲ್ಲ, ಅವಳಿಗೆ ಹೇಳಬೇಕು. ಅವಳು ಕಾಲು ನಿಲ್ಲಿಸ್ತಾಳೆ, ಇವರು ಬಾಯಿ ನಿಲ್ಲಿಸ್ತಾರೆ."

ಅಲ್ಲಿ ಕೂತಿದ್ದವಳು ಅವರ ಮಗಳು. ಬಜಾರಿನ ತಿರುವಿನಲ್ಲಿ ಅಂಗಡಿ ಇಟ್ಟುಕೊಂಡು, ಶಾಲೆಯ ಸಮವಸ್ತ್ರ, ಕಿಟಕಿ ಪರದೆ, ಗಾಯಕರ ಬಿಳಿ ನಿಲುವಂಗಿ ಎಲ್ಲವನ್ನೂ ಹೊಲಿಯುವುದರಿಂದ ಊರಿಗೆಲ್ಲ ಅವಳು ಟೈಲರಕ್ಕ. ವಾರವೆಲ್ಲ ಹೊಲಿಗೆ ಮಿಷಿನ್ ತುಳಿದು ಭಾನುವಾರ ಹಾರ್ಮೋನಿಯಂ ತುಳಿಯುತ್ತಾಳೆ. ಕಾಲಲ್ಲಿ ಒತ್ತಿ ಗಾಳಿ ತುಂಬುವ ಹಳೆಯ ಪೆಟ್ಟಿಗೆ ಅದು. ಎರಡು ಮೆಟ್ಟು, ಬಲಗಾಲು ಎಡಗಾಲು ಒಂದಾದ ಮೇಲೊಂದು ಆಡುತ್ತಲೇ ಇರಬೇಕು, ನಿಂತರೆ ದನಿ ಕುಸಿಯುತ್ತದೆ. ಅಪ್ಪ ಅಷ್ಟು ಅಂದರೂ ಅವಳು ಹಿಂದಿರುಗಿ ನೋಡಲಿಲ್ಲ. ನಡುಹರೆಯ ದಾಟಿದ ಅವಳು ಆ ದನಿಗೆ ಬೆನ್ನು ಕೊಟ್ಟು ಕೂರುವುದನ್ನು ಯಾವತ್ತೋ ಕಲಿತಿದ್ದಳು.

"ಮೊದಲಿಂದ ನುಡಿಸಲಾ?" ಎಂದು ಹಾಡುವವರನ್ನು ಕೇಳಿದಳು.

ಶನಿವಾರದ ಈ ಅಭ್ಯಾಸಕ್ಕೆ ಇಷ್ಟು ರಂಪ ಯಾಕೆಂದರೆ, ಮೇಷ್ಟ್ರ ಕೀರ್ತನೆಗೆ ದೊಡ್ಡ ಗೌರವ ಬಂದಿತ್ತು. ಎಲ್ಲ ಊರಿನ ಸಭೆಗಳೂ ಇನ್ನು ಮುಂದೆ ಬಳಸಲಿರುವ ಹೊಸ ಕೀರ್ತನೆ ಪುಸ್ತಕಕ್ಕೆ ಅದನ್ನು ಆರಿಸಿದ್ದರು. ಪುಸ್ತಕದ ಜೊತೆಗೆ ಹಾಡನ್ನು ರೆಕಾರ್ಡ್ ಮಾಡಿಯೂ ಕಳಿಸುತ್ತಾರಂತೆ; ನಾಳೆ ಬೆಳಿಗ್ಗೆ ದೇವಾರಾಧನೆಯಲ್ಲಿ ಈ ಸಭೆ ಹೇಗೆ ಹಾಡುತ್ತದೋ ಹಾಗೆಯೇ ಕಂಡುಕೇಳದ ಊರುಗಳಲ್ಲೂ ಕಲಿತು ಹಾಡುತ್ತಾರಂತೆ. ನಿಂತರೆ ಎಲ್ಲರೂ ನಿಲ್ಲುತ್ತಾರೆ. ನಿಲ್ಲದಿದ್ದರೆ ಆ ನಿಲುಗಡೆ ಈ ಮುದುಕರ ಬಾಯಲ್ಲಿ ಇನ್ನಷ್ಟು ಕಾಲ ಇದ್ದು ಅವರ ಜೊತೆಗೇ ಮಣ್ಣಾಗುತ್ತದೆ.

ಇದನ್ನು ಅರಿತಿದ್ದವರು ಇಬ್ಬರೇ, ಅಪ್ಪ ಮತ್ತು ಮಗಳು.

ಅಭ್ಯಾಸ ಮುಗಿದು ಎಲ್ಲರೂ ಹೊರಟ ಮೇಲೆ ಸಭಾಪಾಲಕರು ಹಾರ್ಮೋನಿಯಂ ಬಳಿಗೆ ಬಂದರು. ಹೊಸಬರು, ಚಿಕ್ಕ ವಯಸ್ಸು. ಪೀಠದಿಂದ ಮಾಡುವ ಪ್ರಸಂಗ ಕಣ್ಣಲ್ಲಿ ನೀರು ತರಿಸದಿದ್ದರೆ ಪ್ರಸಂಗವೇ ಅಲ್ಲ ಎಂದು ನಂಬಿದವರು. ದನಿ ತಗ್ಗಿಸಿ, "ಟೈಲರಕ್ಕ, ನೀವು ಗಾಬರಿ ಆಗಬೇಡಿ," ಎಂದರು. "ಮೇಷ್ಟ್ರು ಏನೇ ಅಂದರೂ ನಾಳೆ ನಿಲ್ಲಿಸಿಯೇ ನುಡಿಸಿ. ಆ ನಿಲುಗಡೆಯೇ ಹಾಡಿನ ಜೀವ. ರೆಕಾರ್ಡಿಂಗ್‌ಗೆ ಮೊದಲು ನಾನು ಅದರ ಹಿನ್ನೆಲೆ ಹೇಳ್ತೀನಿ."

"ಏನು ಹಿನ್ನೆಲೆ?"

"ಅದೇ. ನಿಮ್ಮ ತಾಯಿ ಸಾವಿನ ಹಾಸಿಗೇಲಿ ಮಲಗಿದ್ದಾಗ ಮೇಷ್ಟ್ರು ಪಕ್ಕದಲ್ಲಿ ಕೂತು ಇದನ್ನ ಬರೆದದ್ದು. ಮೂರನೇ ಸಾಲಿಗೆ ಬಂದಾಗ ದುಃಖ ಉಕ್ಕಿ ಬಂದು ಹಾಡೋಕಾಗದೆ ನಿಂತುಬಿಟ್ಟದ್ದು. ಅವತ್ತಿಂದ ಸಭೆಯೂ ಅಲ್ಲಿ ನಿಲ್ಲುತ್ತೆ ಅಂತ."

ಟೈಲರಕ್ಕ ಹಾರ್ಮೋನಿಯಂ ಮುಚ್ಚಳ ಹಾಕುತ್ತಿದ್ದವಳು ಕೈ ತಡೆದಳು. "ಯಾರು ಹೇಳಿದ್ದು ನಿಮಗೆ?"

"ಎಲ್ಲರೂ ಹೇಳ್ತಾರಲ್ಲ!"

"ಅಯ್ಯನವರೇ, ಈ ಹಾಡು ಹುಟ್ಟಿದಾಗ ನಮ್ಮಮ್ಮ ಗಟ್ಟಿಯಾಗಿದ್ದಳು. ಆಮೇಲೆ ಎಷ್ಟೋ ವರ್ಷ ಇದೇ ಸ್ಟೂಲ್ ಮೇಲೆ ಕೂತು ಇದನ್ನ ನುಡಿಸಿದಳು. ಸತ್ತವಳಿಗೆ ನುಡಿಸೋಕೆ ಆಗುತ್ತಾ?"

ಸಭಾಪಾಲಕರ ಮುಖ ಸ್ವಲ್ಪ ಹುಳ್ಳಗಾಯಿತು. ಆದರೆ ಬಿಟ್ಟುಕೊಡುವ ಪೈಕಿಯಲ್ಲ. "ವಿವರ ಸ್ವಲ್ಪ ಹಿಂದೆಮುಂದೆ ಆಗಿರಬಹುದು ಅಕ್ಕ. ಜನರಿಗೆ ಬೇಕಾಗಿರೋದು ಅದರ ಹಿಂದಿನ ಪ್ರೀತಿ."

"ಪ್ರೀತಿ," ಎಂದಳು ಟೈಲರಕ್ಕ. ಮುಚ್ಚಳ ಪೂರ್ತಿ ಮುಚ್ಚಿ ಚೀಲ ಎತ್ತಿಕೊಂಡಳು.

ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳ ಮೈ ಉರಿಯುತ್ತಿತ್ತು. ಅಪ್ಪ ನಾಲ್ಕು ಹೆಜ್ಜೆ ಮುಂದೆ, ಇವಳು ಹಿಂದೆ. ಅವರ ಮನೆಯಲ್ಲಿ ಜೊತೆಯಾಗಿ ನಡೆಯುವ ರೂಢಿ ಇರಲಿಲ್ಲ. ಅಮ್ಮನೂ ಹಿಂದೆಯೇ ನಡೆಯುತ್ತಿದ್ದಳು, ಬಿದ್ದ ಮೇಲಂತೂ ಬಹಳ ಹಿಂದೆ.

ಆ ಬಿದ್ದದ್ದನ್ನು ಕಣ್ಣಾರೆ ಕಂಡವರಲ್ಲಿ ಟೈಲರಕ್ಕನೂ ಒಬ್ಬಳು. ಆಗ ಅವಳಿನ್ನೂ ಗೊಂಬೆಗೆ ಚಿಂದಿಬಟ್ಟೆ ಸುತ್ತುವ ವಯಸ್ಸಿನವಳು. ಮೇಷ್ಟ್ರು ಒಳಕೋಣೆಯಲ್ಲಿ ಕೂತು, ಅಟ್ಟದ ಮೇಲಿನ ಪೆಟ್ಟಿಗೆ ಈಗಲೇ ಬೇಕು ಎಂದು ಕೂಗಿದ್ದರು. ಏಣಿ ಪಕ್ಕದ ಮನೆಗೆ ಹೋಗಿತ್ತು. ಕೂಗಿದ ಮೇಲೆ ತಡ ಮಾಡುವಂತಿಲ್ಲವಲ್ಲ, ಅಮ್ಮ ಕುರ್ಚಿಯ ಮೇಲೆ ಸ್ಟೂಲ್ ಇಟ್ಟು ಹತ್ತಿದಳು. ಪೆಟ್ಟಿಗೆ ಕೈಗೆ ಬಂತು, ಸ್ಟೂಲ್ ಜಾರಿತು. ಸದ್ದು ಕೇಳಿ ಹೊರಬಂದ ಮೇಷ್ಟ್ರು ಮೊದಲು ನೋಡಿದ್ದು ಪೆಟ್ಟಿಗೆಯನ್ನು. ಆಮೇಲೆ ಬಾಗಿಲಲ್ಲೇ ನಿಂತು, ಕಣ್ಣು ಹಣೆ ಮೇಲಿದೆಯಾ, ಒಂದು ಕೆಲಸ ನೆಟ್ಟಗೆ ಮಾಡೋಕಾಗಲ್ವಾ ಎಂದು ಬಾಯಿಗೆ ಬಂದ ಹಾಗೆ ಶುರು ಮಾಡಿದರು. ನೆಲದ ಮೇಲೆ ಕಾಲು ಮಡಿಚಿಕೊಂಡು ಬಿದ್ದಿದ್ದ ಅಮ್ಮ, ಅಳಲೂ ಇಲ್ಲ, ಕೂಗಲೂ ಇಲ್ಲ. "ಬಿದ್ದೆ ಅಂತ ಬಯ್ಯಬೇಡಿ. ಮೊದಲು ಎತ್ತಿ. ಎದ್ದ ಮೇಲೆ ಎಲ್ಲ ಹೇಳ್ತೀನಿ," ಎಂದಳು.

ಎತ್ತಿದವರು ಪಕ್ಕದ ಮನೆಯ ಹೆಂಗಸರು. ಮೇಷ್ಟ್ರು ಅವರನ್ನು ಕರೆಯಲು ಹೋಗಿದ್ದರು, ಅಷ್ಟು ಮಾಡಿದರು.

ಅಮ್ಮ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದಾಗಲೇ ಹಾಡು ಹುಟ್ಟಿತು. ಒಳಕೋಣೆಯಿಂದ ರಾಗ ಗುನುಗುವುದು ಕೇಳಿಸುತ್ತಿತ್ತು, ಹಾಸಿಗೆಯಿಂದ ನೀರು ಕೇಳಿದರೆ ಮಾತ್ರ ಅಲ್ಲಿಗೆ ಕೇಳಿಸುತ್ತಿರಲಿಲ್ಲ.

ದಾರಿ ತಪ್ಪಿ ಬಂದೆ ನಾನು, ದೀಪವಿಲ್ಲ ಕೈಯಲಿ,
ದೂರದಿಂದ ಕರೆದೆ ನೀನು, ಕೇಳಲಿಲ್ಲ ಗಾಳಿಯಲಿ;
ಬಿದ್ದೆನೆಂದು ಬಯ್ಯಬೇಡ, ಎತ್ತಿಕೋ ನನ್ನ ತಂದೆಯೇ,
ಎದ್ದು ನಿಂತು ಹೇಳುವೆನು ಎಲ್ಲ ನಿನ್ನ ಮುಂದೆಯೇ.

ಮೊದಲ ಸಲ ಚರ್ಚಿನಲ್ಲಿ ಹಾಡಿದಾಗ ಗಟ್ಟಿ ಗಂಡಸರೂ ಕಣ್ಣೊರೆಸಿಕೊಂಡರು. ಇಂಥ ಕರುಣೆಯ ಮನುಷ್ಯನ ಕೈ ಹಿಡಿದವಳು ಪುಣ್ಯವಂತೆ ಎಂದು ಹೆಂಗಸರು ಅಮ್ಮನಿಗೆ ಹೇಳಿಹೋದರು. ಮೂರನೆಯ ಸಾಲು ಯಾರ ಬಾಯಿಂದ ಬಿದ್ದದ್ದೆಂದು ಅಮ್ಮ ಯಾರಿಗೂ ಹೇಳಲಿಲ್ಲ. ಮಗಳು ದೊಡ್ಡವಳಾಗಿ, ಸಿಟ್ಟಿನಿಂದ ಕೇಳಿದಾಗ ಒಮ್ಮೆ ಮಾತ್ರ ಅಂದಿದ್ದಳು: "ಹಾಡು ಚೆನ್ನಾಗಿದೆ ಕಣೆ. ಅದೇ ಸಂಕಟ. ಕೆಟ್ಟದಾಗಿದ್ದಿದ್ದರೆ ನಾನೂ ಬಯ್ಯಬಹುದಿತ್ತು."

ಮೂಳೆ ಸೊಟ್ಟಗೆ ಕೂಡಿಕೊಂಡಿತು. ಅಮ್ಮ ಹಾರ್ಮೋನಿಯಂಗೆ ಮರಳಿದಾಗ ಎಡಗಾಲಲ್ಲಿ ಬಲವಿರಲಿಲ್ಲ. ಬೇರೆ ಹಾಡುಗಳು ಸರಾಗ, ನಡುನಡುವೆ ಬಿಡುವು ಸಿಗುತ್ತಿತ್ತು. ಮೇಷ್ಟ್ರ ಹಾಡಿಗೆ ಬಿಡುವಿಲ್ಲ. ಮೇಷ್ಟ್ರ ಹಾಗೆಯೇ ಅದು, ಹೊರಟಿತೆಂದರೆ ಹೊರಟಿತು. ಎರಡು ಸಾಲು ತುಳಿದು ಮೂರನೆಯದರ ಅರ್ಧಕ್ಕೆ ಬರುವಷ್ಟರಲ್ಲಿ ಅಮ್ಮನ ಕಾಲು ಸೋತು ಗಾಳಿ ಬರಿದಾಗುತ್ತಿತ್ತು. ಅವಳು ನಿಲ್ಲಿಸಿ, ಕಾಲನ್ನು ಕೈಯಿಂದ ಎತ್ತಿ ಮೆಟ್ಟಿನ ಮೇಲೆ ಮತ್ತೆ ಇಟ್ಟುಕೊಂಡು, ನಾಲ್ಕು ಸಲ ಒತ್ತಿ ಗಾಳಿ ತುಂಬಿಸಿ ಮುಂದಕ್ಕೆ ಹೋಗುತ್ತಿದ್ದಳು. ಸಭೆಯವರು ಅವಳಿಗಾಗಿ ಕಾದರು. ಮುಂದಿನ ವಾರವೂ ಕಾದರು. ಕಾಯುತ್ತಾ ಕಾಯುತ್ತಾ ಅದೇ ಹಾಡಿನ ನಡೆಯಾಗಿ, ಅಲ್ಲಿ ನಿಲ್ಲದಿದ್ದರೆ ಏನೋ ತಪ್ಪಿದಂತೆ ಎನ್ನಿಸತೊಡಗಿತು.

ಮೇಷ್ಟ್ರು ಸುಮ್ಮನಿರಲಿಲ್ಲ. ಮನೆಗೆ ಬಂದು ಕೂಗಾಡಿದರು. ಒಮ್ಮೆ ಅಮ್ಮನನ್ನು ಎಬ್ಬಿಸಿ ಬೇರೊಬ್ಬರನ್ನು ಕೂರಿಸಿದರು. ಸಭೆ ಆಗಲೂ ನಿಂತಿತು. ಒಮ್ಮೆ ತಾವೇ ಮುಂದೆ ನಿಂತು ಗಂಟಲು ಹರಿಯುವ ಹಾಗೆ ಹಾಡಿದರು. ಸಭೆ ಅವರನ್ನು ಒಂಟಿಯಾಗಿ ಮುಂದೆ ಬಿಟ್ಟು, ತನ್ನ ಹೊತ್ತಿಗೆ ಹಿಂದಿನಿಂದ ಬಂತು. ಅಂಥ ದಿನ ಮನೆಯಲ್ಲಿ ತಟ್ಟೆ ಲೋಟಗಳ ಗತಿ ಹೇಳುವಂತಿರಲಿಲ್ಲ.

ಪುಟ್ಟ ಹುಡುಗಿಯಾಗಿದ್ದ ಟೈಲರಕ್ಕ ಸ್ಟೂಲಿನ ಪಕ್ಕ ನೆಲದ ಮೇಲೆ ಕೂತು ಪ್ರತಿ ಭಾನುವಾರ ನೋಡುತ್ತಿದ್ದುದು ಒಂದನ್ನೇ. ಎರಡು ಉಸಿರಿನಷ್ಟು ಹೊತ್ತು ಇಡೀ ಸಭೆ ಅಮ್ಮನಿಗಾಗಿ ಕಾಯುತ್ತದೆ. ಅಪ್ಪನೂ ಕಾಯುತ್ತಾನೆ. ಊಟಕ್ಕೆ, ಬಟ್ಟೆಗೆ, ಬಿಸಿನೀರಿಗೆ, ಯಾವುದಕ್ಕೂ ಕಾಯದ ಮನುಷ್ಯ ಅಲ್ಲಿ ಮಾತ್ರ ಹಲ್ಲು ಕಚ್ಚಿಕೊಂಡು ಅವಳಿಗಾಗಿ ಕಾಯಲೇಬೇಕು. ಅಮ್ಮ ಸತ್ತಾಗ ಉಳಿದದ್ದು ಅಷ್ಟೇ. ಸೀರೆಗಳನ್ನು ಯಾರೋ ತೆಗೆದುಕೊಂಡು ಹೋದರು. ಈ ಎರಡು ಉಸಿರನ್ನು ಮಗಳು ತನ್ನ ಕಾಲಡಿಯಲ್ಲಿ ಇಟ್ಟುಕೊಂಡಳು.

ಸಂಜೆ ಊಟಕ್ಕೆ ಬಡಿಸುವಾಗ ಅವಳೇ ಮಾತು ತೆಗೆದಳು. ಹಾಗೆ ತೆಗೆಯುವುದು ಅಪರೂಪ. ಆ ಮನೆಯಲ್ಲಿ ಸಾಮಾನ್ಯವಾಗಿ ಬೇಕು, ಸಾಕು, ಉಪ್ಪು ಹೆಚ್ಚಾಯಿತು ಎನ್ನುವಷ್ಟರಲ್ಲೇ ದಿನ ಮುಗಿಯುತ್ತಿತ್ತು.

"ನಾಳೆ ಅಯ್ಯನವರು ನಿಮ್ಮ ಜೀವನಚರಿತ್ರೆ ಹೇಳ್ತಾರಂತೆ."

"ಹೇಳಲಿ. ನಾನು ಮಾಡಬಾರದ್ದೇನೂ ಮಾಡಿಲ್ಲ."

"ಮೂರನೇ ಸಾಲಲ್ಲಿ ನೀವು ಅಮ್ಮನಿಗಾಗಿ ಅತ್ತಿರಂತೆ. ಅದಕ್ಕೆ ನಿಲುಗಡೆಯಂತೆ."

ಮೇಷ್ಟ್ರ ಕೈ ತಟ್ಟೆಯಲ್ಲೇ ನಿಂತಿತು. "ನಾನಾ? ಅಳೋದಾ?" ಮುಖ ಕೆಂಪಗಾಯಿತು. "ಯಾವ ಮುಠ್ಠಾಳ ಹೇಳಿದ್ದು? ನಾನು ಅಲ್ಲಿ ನಿಲ್ಲಿಸಿಯೇ ಇಲ್ಲ. ನಿಲ್ಲಿಸಿದ್ದು ಅವಳು. ಬಂಗಾರದಂಥಾ ಹಾಡನ್ನ ತನ್ನ ಹಾಗೇ ಕುಂಟಿಸಿಬಿಟ್ಟಳು."

ಟೈಲರಕ್ಕ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು. "ಅವಳ ಕಾಲು ಕುಂಟಾಗಿದ್ದು ಯಾರ ಪೆಟ್ಟಿಗೆಗೆ?"

"ಹತ್ತು ಅಂತ ನಾನು ಹೇಳಿದ್ನಾ? ಏಣಿ ತರಿಸ್ಕೋಬಹುದಿತ್ತು. ಬುದ್ಧಿ ಇರಲಿಲ್ಲ ಅವಳಿಗೆ."

"ಆ ಬುದ್ಧಿ ಇಲ್ಲದೋಳ ಮಾತನ್ನೇ ಹಾಡಲ್ಲಿ ಸೇರಿಸ್ಕೊಂಡಿರಿ."

ಇದನ್ನು ಅವಳು ಅಪ್ಪನ ಮುಖಕ್ಕೆ ಹೇಳಿದ್ದು ಇದೇ ಮೊದಲು. ಮೇಷ್ಟ್ರು ಅವಳನ್ನು ದಿಟ್ಟಿಸಿದರು. ಅವರಿಗೆ ನಾಚಿಕೆಯಾಗಲಿಲ್ಲ. ಇಷ್ಟು ದಿನ ಇದು ಇವಳ ಹೊಟ್ಟೆಯಲ್ಲಿತ್ತಾ ಎಂಬಂತೆ ನೋಡಿದರು, ಅಷ್ಟೇ. "ಮಾತು ಎಲ್ಲರೂ ಆಡ್ತಾರೆ," ಎಂದರು. "ಸಂತೆಯಲ್ಲೂ ಆಡ್ತಾರೆ, ಜಗಳದಲ್ಲೂ ಆಡ್ತಾರೆ. ಅದನ್ನ ಹಾಡು ಮಾಡೋಕೆ ಗಂಡೆದೆ ಬೇಕು. ನೀನು ಲಂಗ ಹೊಲಿಯೋಳು, ನಿನಗೇನು ಗೊತ್ತು? ನಾಳೆ ಆ ಅಯ್ಯ ಬಾಯಿ ತೆರೆದರೆ ನಾನೇ ಎದ್ದು ಹೇಳ್ತೀನಿ, ಅಳುವೂ ಸುಳ್ಳು, ನಿಲುಗಡೆಯೂ ತಪ್ಪು ಅಂತ. ನೀನು ನಿಲ್ಲಿಸದೆ ನುಡಿಸಿದೆಯೋ ಸರಿ. ಇಲ್ಲಾಂದ್ರೆ ಆ ಸ್ಟೂಲ್ ಮೇಲೆ ಅದೇ ನಿನ್ನ ಕೊನೇ ದಿನ."

"ಎದ್ದು ಹೇಳ್ತೀರಾ?"

"ಹೇಳ್ತೀನಿ ಅಂದ್ಮೇಲೆ ಹೇಳ್ತೀನಿ. ನನ್ನ ಬಾಯಲ್ಲಿ ಸುಳ್ಳು ಕೇಳಿದ್ದೀಯಾ ಯಾವತ್ತಾದರೂ?"

ಕೇಳಿರಲಿಲ್ಲ, ಅದಂತೂ ನಿಜ. ಅಪ್ಪನಲ್ಲಿ ಅವಳು ಒಪ್ಪಿಕೊಳ್ಳುವ ಗುಣ ಅದೊಂದೇ. ಕಟುಕನೇ ಇರಬಹುದು, ಸುಳ್ಳ ಅಲ್ಲ. ಆ ಸಂಜೆ ಪಾತ್ರೆ ತೊಳೆಯುವಾಗ ಅವಳಿಗೆ ಒಂಥರಾ ನೆಮ್ಮದಿಯಾಯಿತು. ಎದ್ದು ನಿಲ್ಲಲಿ ಮುದುಕ, ಕೂಗಾಡಲಿ. ಅಮ್ಮನ ಕುಂಟುಕಾಲಿನ ಮೇಲೆ ತಪ್ಪು ಹೊರಿಸಿದರೂ ಹೊರಿಸಲಿ. ಹಾಗಾದರೂ ಅಮ್ಮ ಒಮ್ಮೆ ಆ ಚರ್ಚಿನಲ್ಲಿ ಕಾಣಿಸಿಕೊಳ್ಳುತ್ತಾಳೆ. ಹುಟ್ಟಿದಂದಿನಿಂದ ಅಪ್ಪನ ಸಿಟ್ಟಿಗೆ ಹೆದರಿದವಳು ಅವತ್ತು ಆ ಸಿಟ್ಟನ್ನೇ ನೆಚ್ಚಿಕೊಂಡು ಮಲಗಿದಳು.

ಭಾನುವಾರ ಚರ್ಚು ಕಿಕ್ಕಿರಿದಿತ್ತು. ರೆಕಾರ್ಡಿಂಗಿನವನು ತಂತಿಗಳನ್ನು ಎಳೆದು, ಹಾಡುವವರ ಮುಂದೆ ಒಂದು, ಹಾರ್ಮೋನಿಯಂ ಪಕ್ಕ ಒಂದು, ಸಭೆಯ ನಡುವೆ ಒಂದು ಎಂದು ಮೈಕುಗಳನ್ನು ನೆಟ್ಟು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಮೂಲೆಯಲ್ಲಿ ಕೂತಿದ್ದ. ಯಾರೂ ಕೆಮ್ಮಬಾರದು ಎಂದು ಅವನು ಹೇಳಿದ ಕ್ಷಣದಿಂದ ಎಲ್ಲರಿಗೂ ಕೆಮ್ಮು ಶುರುವಾಗಿತ್ತು. ಮೇಷ್ಟ್ರು ಮುಂದಿನ ಬೆಂಚಿನಲ್ಲಿ, ಮಗಳೇ ಹೊಲಿದ ಕೋಟು ತೊಟ್ಟು, ಮಗಳ ಕಡೆ ನೋಡದೆ ಕೂತಿದ್ದರು.

ಸಭಾಪಾಲಕರು ಹಿನ್ನೆಲೆ ಹೇಳಿದರು. ಹೇಳಿದರು ಎಂದರೆ ಸಾಲದು, ಉಣಬಡಿಸಿದರು. ಸಾವಿನ ಹಾಸಿಗೆ, ಅದರ ಪಕ್ಕದಲ್ಲಿ ಹೆಂಡತಿಯ ತಣ್ಣಗಾಗುತ್ತಿರುವ ಕೈ, ಆ ಕೈ ಹಿಡಿದ ಕವಿ. ರಾಗ ಹುಟ್ಟುತ್ತದೆ. ಒಂದು ಸಾಲು, ಎರಡು ಸಾಲು. ಮೂರನೆಯದಕ್ಕೆ ಬಂದಾಗ ಕೊರಳು ಕಟ್ಟುತ್ತದೆ. "ಪ್ರಿಯರೇ, ನಾವು ಆ ಸಾಲಿನಲ್ಲಿ ನಿಂತಾಗಲೆಲ್ಲ ಒಬ್ಬ ಗಂಡನ ಕಣ್ಣೀರಿನ ಮುಂದೆ ನಿಲ್ಲುತ್ತೇವೆ." ಹೆಂಗಸರ ಕಡೆಯಿಂದ ಮೂಗು ಸೆಳೆಯುವ ಸದ್ದು ಕೇಳಿಸಿತು. ಪೋಸ್ಟ್‌ಮ್ಯಾನ್ ಕೂಡ ಕಣ್ಣು ಒತ್ತಿಕೊಂಡ.

ಟೈಲರಕ್ಕ ಸ್ಟೂಲಿನ ಮೇಲೆ ತಿರುಗಿ ಅಪ್ಪನನ್ನು ನೋಡಿದಳು. ಏಳಿ, ಎಂದು ಮನಸ್ಸಿನಲ್ಲೇ ಅಂದಳು. ಈಗ ಏಳಿ.

ಮೇಷ್ಟ್ರು ಎದ್ದದ್ದೂ ನಿಜ. ಊರುಗೋಲು ಊರಿ ಅರ್ಧ ಎದ್ದರು. ಇಡೀ ಸಭೆ ಅವರತ್ತ ತಿರುಗಿತು. ಮಕ್ಕಳು ಮೊಮ್ಮಕ್ಕಳನ್ನು ಕಂಡ ಮುದುಕಿಯರು, ಅವರ ಕೈಯಲ್ಲಿ ಬೆತ್ತದ ಏಟು ತಿಂದಿದ್ದ ದೊಡ್ಡ ದೊಡ್ಡ ಗಂಡಸರು, ಎಲ್ಲರ ಕಣ್ಣೂ ಒದ್ದೆ. ಅಷ್ಟು ಜನ ಅವರನ್ನು ಅಷ್ಟು ಪ್ರೀತಿಯಿಂದ ನೋಡಿದ್ದು ಅವರ ಆಯುಸ್ಸಿನಲ್ಲೇ ಇರಲಿಲ್ಲ. ಮೇಷ್ಟ್ರ ಬಾಯಿ ತೆರೆಯಿತು. ಮುಚ್ಚಿತು. ಪಕ್ಕದಲ್ಲಿದ್ದ ಮುದುಕರೊಬ್ಬರು ಅವರ ಭುಜ ತಟ್ಟಿದರು. ಮೇಷ್ಟ್ರು ಮೆಲ್ಲಗೆ ಕೂತು, ಕೋಟಿನ ಜೇಬಿನಿಂದ ಕರವಸ್ತ್ರ ತೆಗೆದು, ಒಣಗಿದ ಕಣ್ಣನ್ನು ಒರೆಸಿಕೊಂಡರು.

ಟೈಲರಕ್ಕ ಮತ್ತೆ ಹಾರ್ಮೋನಿಯಂ ಕಡೆಗೆ ತಿರುಗಿ ಕೂತಳು. ಅಮ್ಮನ ಮಾತು ತೆಗೆದುಕೊಂಡಿದ್ದಾಯಿತು, ಈಗ ಅವಳ ಕಾಲುನೋವನ್ನೂ ತೆಗೆದುಕೊಂಡ. ತಾನು ನಿಲ್ಲಿಸಿದರೆ ಲೋಕವೆಲ್ಲ ಇವನ ಕಣ್ಣೀರಿಗೆ ನಿಲ್ಲುತ್ತದೆ; ನಿಲ್ಲಿಸದಿದ್ದರೆ ಅಮ್ಮ ಇರಲೇ ಇಲ್ಲ ಎಂದಂತೆ. ರೆಕಾರ್ಡಿಂಗಿನವನು ಕೈ ಎತ್ತಿ ಶುರುಮಾಡಲು ಸನ್ನೆ ಮಾಡಿದ. ಅವಳು ಮೆಟ್ಟಿನ ಮೇಲೆ ಕಾಲಿಟ್ಟಳು.

ದಾರಿ ತಪ್ಪಿ ಬಂದೆ ನಾನು. ದೂರದಿಂದ ಕರೆದೆ ನೀನು. ಚರ್ಚು ತುಂಬ ದನಿ, ಗಾಜು ಅದುರುವಂಥ ದನಿ. 'ಬಿದ್ದೆನೆಂದು ಬಯ್ಯಬೇಡ.' ಸಭೆ ನಿಂತಿತು.

ಹಾರ್ಮೋನಿಯಂ ನಿಲ್ಲಲಿಲ್ಲ. ಟೈಲರಕ್ಕನ ಕಾಲು ಒಂದೇ ಸಮನೆ ತುಳಿಯುತ್ತಾ 'ಎತ್ತಿಕೋ ನನ್ನ ತಂದೆಯೇ' ಎಂಬಲ್ಲಿಗೆ ಹೋಯಿತು, ಒಬ್ಬರ ದನಿಯೂ ಜೊತೆಗಿಲ್ಲದೆ. ಅಷ್ಟರಲ್ಲಿ ಸಭೆ ಹಿಂದಿನಿಂದ ಎತ್ತಿಕೊಂಡು, ಹಾರ್ಮೋನಿಯಂ ಒಂದು ಕಡೆ, ಜನ ಒಂದು ಕಡೆ, ಎಲ್ಲ ಕಲಸುಮೇಲೋಗರವಾಯಿತು. ರೆಕಾರ್ಡಿಂಗಿನವನು ಹೆಡ್‌ಫೋನ್ ಕಿತ್ತು ಕೈ ಬೀಸಿದ. ದನಿಗಳು ಒಂದೊಂದಾಗಿ ಅಡಗಿದವು.

"ಏನಾಯ್ತು ಟೈಲರಕ್ಕ?" ಸಭಾಪಾಲಕರು ಮುಖದ ನಗು ಮಾಸದಂತೆ ಹೇಗೋ ನೋಡಿಕೊಂಡು ಕೇಳಿದರು.

"ಏನಿಲ್ಲ. ನಿಲ್ಲಿಸಬೇಡ ಅಂತ ಮೇಷ್ಟ್ರೇ ಹೇಳಿದ್ದಾರೆ. ನಿನ್ನೆ ಇವರೆಲ್ಲರ ಮುಂದೇನೇ ಹೇಳಿದ್ದಾರೆ."

ಹಾಡುವವರು ತಂತಮ್ಮ ಪುಸ್ತಕ ನೋಡಿಕೊಂಡರು. ಮುಂದಿನ ಬೆಂಚಿನಲ್ಲಿ ಮೇಷ್ಟ್ರು ಕರವಸ್ತ್ರ ಮಡಚಿದರು. ಸಿಡುಕನ್ನು ಆದಷ್ಟು ಮೆತ್ತಗೆ ಮಾಡಿ, "ಅದಿರಲಿ," ಎಂದರು. "ಎಲ್ಲರೂ ಬಯಸ್ತಾರೆ. ನಿಲ್ಲಿಸಿಯೇ ನುಡಿಸು."

"ಯಾಕೆ ನಿಲ್ಲಿಸಬೇಕು?"

"ನಿಲ್ಲಿಸು ಅಂದೆನಲ್ಲ."

"ಯಾಕೆ ಅಂತ ಹೇಳಿ, ನಿಲ್ಲಿಸ್ತೀನಿ." ಅವಳು ಮೆಟ್ಟುಗಳಿಂದ ಕಾಲು ತೆಗೆದು ನೆಲದ ಮೇಲಿಟ್ಟಳು. ಒಳಗೆ ಉಳಿದಿದ್ದ ಗಾಳಿ ಉಸ್ಸೆಂದು ಹೊರಟುಹೋಯಿತು. "ಅಯ್ಯನವರು ಹೇಳಿದ್ದು ನಿಜ ಅಂತ ನೀವು ಬಾಯಿಬಿಟ್ಟು ಹೇಳಿ. ನನ್ನ ಬಾಯಲ್ಲಿ ಸುಳ್ಳು ಬರಲ್ಲ ಅಂದಿರಲ್ಲ ನಿನ್ನೆ. ಹೇಳಿ ಅಪ್ಪ. ಅತ್ತಿರಾ ನೀವು?"

ಸಭೆ ಗುಜುಗುಜು ಎಂದಿತು. ಇವಳಿಗೇನು ಬಂತು ಎಂದು ಒಬ್ಬಳು ಪಿಸುಗುಟ್ಟಿದಳು, ವಯಸ್ಸಾದ ತಂದೆ ಮುಂದೆ ಹೀಗಾ ಎಂದು ಇನ್ನೊಬ್ಬಳು ಜೋರಾಗಿಯೇ ಅಂದಳು. ನಿನ್ನೆ ಅವಳನ್ನು ಅಕ್ಕ ಎಂದು ಕರೆದವರ ಕಣ್ಣುಗಳೆಲ್ಲ ಈಗ ಅವಳ ಬೆನ್ನನ್ನು ಇರಿಯುತ್ತಿದ್ದವು. ಸಭಾಪಾಲಕರು ಅವಳ ಬಳಿಗೆ ಹೊರಟು ಅರ್ಧದಲ್ಲೇ ನಿಂತರು. ಇವಳನ್ನು ಎಬ್ಬಿಸಿದರೆ ಆ ಹಾರ್ಮೋನಿಯಂ ನುಡಿಸಲು ಬೇರೆ ಯಾರೂ ಇರಲಿಲ್ಲ.

ಮೇಷ್ಟ್ರ ಕುತ್ತಿಗೆಯ ನರ ಉಬ್ಬಿತು. ಅವರು ಎದ್ದು ನಿಂತರು, ಈ ಸಲ ಪೂರ್ತಿ. ಅತ್ತೆ ಎನ್ನಲು ಒಂದೇ ಮಾತು ಸಾಕಿತ್ತು, ಸಭೆ ಅದಕ್ಕೇ ಕಾದಿತ್ತು. ಅದು ಅವರ ನಾಲಿಗೆಯವರೆಗೂ ಬಂದಿರಬೇಕು. ಆದರೆ ಮಗಳು ಸ್ಟೂಲಿನ ಮೇಲೆ ತಿರುಗಿ ಕೂತು ನೆಟ್ಟಗೆ ಅವರ ಕಣ್ಣನ್ನೇ ನೋಡುತ್ತಿದ್ದಳು, ಆ ನೋಟ ಅವರನ್ನು ಕೆರಳಿಸಿತು. ಕೆರಳಿದ ಮೇಲೆ ಅವರಿಗೆ ಹಿಂದುಮುಂದು ಇರಲಿಲ್ಲ.

"ಅಳಲಿಲ್ಲ!" ಎಂದು ಅಬ್ಬರಿಸಿದರು. "ನಾನ್ಯಾಕೆ ಅಳಲಿ? ನಿಮ್ಮಮ್ಮ ಕುಂಟಿ! ಮೂರನೇ ಸಾಲಿಗೆ ಕಾಲು ಸೋತುಹೋಗ್ತಿತ್ತು, ಗಾಳಿ ಸಾಲ್ತಿರಲಿಲ್ಲ, ನಿಲ್ಲಿಸ್ತಿದ್ದಳು. ಎಲ್ಲರೂ ಬಾಯಿ ಬಿಟ್ಟುಕೊಂಡು ಅವಳಿಗೆ ಕಾಯ್ತಿದ್ವಿ. ನಾನೂ ಕಾಯ್ತಿದ್ದೆ. ಸಾಕಾ? ಹೊಟ್ಟೆ ತಣ್ಣಗಾಯ್ತಾ? ಈಗ ನುಡಿಸು!"

ಚಾವಣಿಯವರೆಗೂ ಹೋದ ಆ ಮಾತು ಕೆಳಗಿಳಿಯಲು ಬಹಳ ಹೊತ್ತು ತೆಗೆದುಕೊಂಡಿತು. ಸಭಾಪಾಲಕರು ಪ್ರಸಂಗಪೀಠದ ಅಂಚನ್ನು ಹಿಡಿದುಕೊಂಡಿದ್ದರು. ಹಿಂದಿನ ಬೆಂಚಿನಲ್ಲಿ, ಎಂದೋ ಅಮ್ಮನನ್ನು ನೆಲದಿಂದ ಎತ್ತಿದ್ದ ಪಕ್ಕದ ಮನೆಯ ಮುದುಕಿ, ಎಷ್ಟೋ ವರ್ಷದಿಂದ ಯಾರೂ ಕರೆಯದ ಅವಳ ಹೆಸರನ್ನು ತನಗೆ ತಾನೇ ಹೇಳಿಕೊಂಡು ತಲೆಯಾಡಿಸಿದಳು.

ಟೈಲರಕ್ಕ ಹಾರ್ಮೋನಿಯಂ ಕಡೆಗೆ ತಿರುಗಿದಳು. ಮೆಟ್ಟಿನ ಮೇಲೆ ಕಾಲಿಟ್ಟು ಗಾಳಿ ತುಂಬಿದಳು. ಮೊದಲ ಸಾಲಿಗೆ ಹಾಡಿದವರು ಕೆಲವರೇ. ಎರಡನೆಯದಕ್ಕೆ ಒಬ್ಬೊಬ್ಬರಾಗಿ ಸೇರಿಕೊಂಡರು. ಮೇಷ್ಟ್ರು ಕೂರದೆ, ಊರುಗೋಲಿನ ಮೇಲೆ ಭಾರ ಹಾಕಿ, ಗಂಟು ಮುಖದಲ್ಲಿ ಹಾಡುತ್ತಿದ್ದರು. ದನಿ ಒಡೆದಿತ್ತು, ಶ್ರುತಿ ಮಾತ್ರ ತಪ್ಪಿರಲಿಲ್ಲ.

'ಬಿದ್ದೆನೆಂದು ಬಯ್ಯಬೇಡ.'

ಅವಳು ಎರಡೂ ಕಾಲನ್ನು ತಡೆದಳು. ಗಾಳಿ ಇಳಿಯಿತು, ದನಿ ಇಳಿದು ಹೋಯಿತು. ಒಂದು ಉಸಿರು ಕಳೆಯಿತು. ಎರಡನೆಯದೂ ಕಳೆಯಿತು. ಪೋಸ್ಟ್‌ಮ್ಯಾನ್ ರೂಢಿಯಂತೆ ಎದೆ ತುಂಬಿಕೊಂಡು ಬಾಯಿ ತೆರೆದವನು, ಹಾರ್ಮೋನಿಯಂ ಬರದಿದ್ದುದರಿಂದ ಹಾಗೆಯೇ ತಡೆದ. ಅವನ ಪಕ್ಕದವರೂ ತಡೆದರು. ಮೂಲೆಯಲ್ಲಿ ರೆಕಾರ್ಡಿಂಗಿನವನು ತಲೆ ಎತ್ತಿ ನೋಡಿದ. ಯಂತ್ರದ ಸಣ್ಣ ಕೆಂಪು ದೀಪ ಉರಿಯುತ್ತಲೇ ಇತ್ತು. ಎಲ್ಲರ ಕಣ್ಣೂ ಸ್ಟೂಲಿನ ಕೆಳಗೆ, ಮೆಟ್ಟಿನ ಮೇಲೆ ಅಲುಗಾಡದೆ ಇದ್ದ ಎಡಗಾಲಿನ ಮೇಲೆ ಇತ್ತು. ಮುಂದಿನ ಬೆಂಚಿನ ಬಳಿ ಮೇಷ್ಟ್ರು, 'ಎತ್ತಿಕೋ' ಎನ್ನಲು ತೆರೆದ ಬಾಯನ್ನು ಮುಚ್ಚಲಾರದೆ, ಕಾಯುತ್ತಾ ನಿಂತಿದ್ದರು.